ನೀರಿನಲ್ಲಿ ಬಿದ್ದ ಚುಕ್ಕೆಗಳು

ನದಿಯೊಳಗೆ ಶಾಲೆ ಇರುವುದಿಲ್ಲ. ಈ ಮಾತನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಕಂಪ್ಯೂಟರಿಗೆ ಹೇಳಿದ್ದೆ. ನಕ್ಷೆಯಲ್ಲಿ ಯಾವ ಶಾಲೆಯ ಚುಕ್ಕೆ ನೀರಿನ ಮೇಲೆ ಬೀಳುತ್ತದೋ ಅದನ್ನು ತೆಗೆದುಹಾಕು ಎಂಬ ಒಂದೇ ಒಂದು ಸಾಲು. ಬರೆಯಲು ಅರ್ಧ ನಿಮಿಷ ಹಿಡಿದಿರಬೇಕು. ಅದನ್ನು ತಿದ್ದುವುದರಲ್ಲಿ ಒಂದು ಇಡೀ ಚಳಿಗಾಲ ಹೋಯಿತು, ಜೊತೆಗೆ ನನ್ನ ಕೆಲಸವೂ ಹೋಯಿತು.

ಕೆಲಸ ಇದ್ದದ್ದು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ, ಒಂದು ಸಣ್ಣ ಸಂಶೋಧನಾ ತಂಡದಲ್ಲಿ. ಬಾಂಗ್ಲಾದೇಶದ ಉತ್ತರದಲ್ಲಿ ಜಮುನಾ ನದಿ ಪ್ರತಿ ಮಳೆಗಾಲವೂ ತನ್ನ ದಂಡೆಯನ್ನು ತಾನೇ ಕೊರೆದು ತಿನ್ನುತ್ತದೆ. ಒಂದು ಕಡೆ ತಿಂದ ಮಣ್ಣನ್ನು ಇನ್ನೊಂದು ಕಡೆ ಉಗುಳಿ ನಡುಗಡ್ಡೆ ಮಾಡುತ್ತದೆ. ದೇಶ ತಗ್ಗಿನಲ್ಲಿದೆ, ಜನ ಕಿಕ್ಕಿರಿದಿದ್ದಾರೆ, ಬೇರೆ ಜಾಗವಿಲ್ಲ. ಹಾಗಾಗಿ ತೀರಾ ಬಡವರು ಆ ನಡುಗಡ್ಡೆಗಳ ಮೇಲೆಯೇ ಗುಡಿಸಲು ಹಾಕಿಕೊಂಡು ಬದುಕುತ್ತಾರೆ. ಒಂದು ಸೇವಾಸಂಸ್ಥೆ ಅಲ್ಲಿನ ಕೆಲವು ಪ್ರಾಥಮಿಕ ಶಾಲೆಗಳಿಗೆ ನಟ್ಟು ಬೋಲ್ಟಿನ ಉಕ್ಕಿನ ಕಟ್ಟಡ ಕೊಡಲು ಹೊರಟಿತ್ತು. ನೀರು ಬಂದರೆ ಬಿಚ್ಚಿ, ದೋಣಿಗೆ ಹೇರಿ, ಬೇರೆ ಕಡೆ ಜೋಡಿಸಿಕೊಳ್ಳುವಂಥದ್ದು. ಎಲ್ಲ ಶಾಲೆಗಳಿಗೂ ಕೊಡುವಷ್ಟು ಇರಲಿಲ್ಲ. ಎಲ್ಲಿ ಬಡತನ ಹೆಚ್ಚು, ಎಲ್ಲಿ ನೀರಿನ ಅಪಾಯ ಹೆಚ್ಚು, ಅಲ್ಲಿಗೆ ಮೊದಲು. ಆ ಸರದಿಯ ಪಟ್ಟಿ ಮಾಡುವುದು ನನ್ನ ಪಾಲಿಗೆ ಬಂದ ಕೆಲಸ.

ಅಲ್ಲಿಗೆ ಹೋಗಿ ನೋಡಿದ್ದೆನೇ ಎಂದು ಕೇಳಿದರೆ, ಇಲ್ಲ. ನನ್ನ ಕರಾರಿನಲ್ಲಿ ಪ್ರಯಾಣ ಇರಲಿಲ್ಲ. ಶಿಕ್ಷಣ ಇಲಾಖೆಯ ಶಾಲೆಗಳ ಪಟ್ಟಿ ಒಂದು ಕಡೆ, ಅದರಲ್ಲಿ ಪ್ರತಿ ಶಾಲೆಯ ಅಕ್ಷಾಂಶ ರೇಖಾಂಶ. ಇನ್ನೊಂದು ಕಡೆ ಉಪಗ್ರಹದ ಚಿತ್ರಗಳು. ಐದು ವರ್ಷದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ವರ್ಷದ ಬಹುಪಾಲು ನೀರಿರುವ ಜಾಗಕ್ಕೆ ನೀಲಿ ಬಳಿಯುತ್ತಿದ್ದೆ. ಮನೆಗಳ ಮೇಲೆ ತಗಡೋ ಹುಲ್ಲೋ ನೋಡಿ ಬಡತನಕ್ಕೆ ಅಂಕ ಹಾಕುತ್ತಿದ್ದೆ. ಕೊನೆಗೆ ಶಾಲೆಗಳ ಚುಕ್ಕೆಗಳನ್ನು ಅದರ ಮೇಲೆ ಚೆಲ್ಲಿದಾಗ ಮೂವತ್ತೊಂದು ಚುಕ್ಕೆಗಳು ನೀಲಿಯ ಮೇಲೆ ಬಿದ್ದವು. ನಮ್ಮ ವೃತ್ತಿಯಲ್ಲಿ ಇದು ದಿನನಿತ್ಯದ ಮಾತು. ಟೈಪ್ ಮಾಡುವವರು ಒಂದು ಅಂಕಿ ತಪ್ಪಿದರೂ ಶಾಲೆ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಅಂಥವನ್ನು ತೆಗೆಯುವುದಕ್ಕೆ ನಾವು ಸ್ವಚ್ಛ ಮಾಡುವುದು ಎನ್ನುತ್ತೇವೆ. ನಾನೂ ಸ್ವಚ್ಛ ಮಾಡಿದೆ, ವರದಿಯ ಕೊನೆಗೆ ‘ಸ್ಥಳ ತಪ್ಪಾಗಿ ನಮೂದಾದ ಶಾಲೆಗಳನ್ನು ಕೈಬಿಡಲಾಗಿದೆ’ ಎಂದು ಒಂದು ಅಡಿಟಿಪ್ಪಣಿ ಹಾಕಿದೆ, ಎದ್ದು ಚಹಾ ಮಾಡಿಕೊಂಡೆ.

ಚಹಾ ಮಾಡಿಕೊಂಡದ್ದು ಒಬ್ಬಳೇ. ತಂಡದಲ್ಲಿ ಐದು ಜನರಿದ್ದರೂ ಉಳಿದವರೆಲ್ಲ ಮನೆಯಿಂದ ಕೆಲಸ ಮಾಡುತ್ತಿದ್ದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಐದು ಮೇಜು, ಐದು ಕುರ್ಚಿ, ನಾನು. ನಾಲ್ಕು ಗಂಟೆಗೆಲ್ಲ ಕತ್ತಲೆ. ಬಸ್ಸಿನಲ್ಲಿ ಬಾಡಿಗೆ ರೂಮಿಗೆ ಹೋದರೆ ಅಲ್ಲಿಯೂ ನಾನೇ. ಶುಕ್ರವಾರ ಸಂಜೆ ಅಂಗಡಿಯವನಿಗೆ ‘ಥ್ಯಾಂಕ್ಯೂ’ ಹೇಳಿದರೆ ಸೋಮವಾರ ಬಸ್ಸಿನ ಡ್ರೈವರಿಗೆ ‘ಥ್ಯಾಂಕ್ಯೂ’ ಹೇಳುವ ತನಕ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಎಷ್ಟೋ ಸೋಮವಾರ ನನ್ನ ದನಿ ನನಗೇ ಕರಕರ ಅನಿಸುತ್ತಿತ್ತು. ಮಾತಿಲ್ಲದೆ ಇರುವುದು ಇಷ್ಟು ಸುಸ್ತು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಜನವರಿಯಲ್ಲಿ ಕನ್ನಡದವರು ಒಂದು ಚರ್ಚಿನ ಸಭಾಂಗಣ ಬಾಡಿಗೆಗೆ ಹಿಡಿದು ಸಂಕ್ರಾಂತಿ ಮಾಡಿದರು. ಮಾತಿಗೆ ಹಸಿದು ಹೋಗಿದ್ದ ನಾನು ಮೊದಲ ಪಂಕ್ತಿಯಲ್ಲೇ ಹಾಜರು. ಎಳ್ಳು ಬೆಲ್ಲ ಕೊಟ್ಟ ಹೆಂಗಸು ಮೈಸೂರಿನವರು, ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು.

“ಏನ್ ಕೆಲ್ಸ ಮಾಡ್ಕೊಂಡಿದ್ದೀರಾ?” ಎಂದು ಕೇಳಿದರು.

“ಬಾಂಗ್ಲಾದೇಶದಲ್ಲಿ ಯಾವ ಶಾಲೆಗೆ ನೀರು ಬರುತ್ತೆ ಅಂತ ನೋಡೋದು.”

“ಇಲ್ ಕೂತ್ಕೊಂಡಾ?”

“ಹೂಂ, ಇಲ್ಲೇ ಕೂತ್ಕೊಂಡು.”

“ಅಯ್ಯೋ, ಅಲ್ಲಿಯವರ ಹತ್ರ ಫೋನಲ್ಲಾದ್ರೂ ಮಾತಾಡ್ತೀರೋ ಇಲ್ವೋ? ನಮ್ ಜೂನಿಯರ್‌ಗಳೂ ಹೀಗೇ ಕಣ್ರೀ. ಸ್ಕ್ಯಾನ್ ನೋಡ್ತಾರೆ, ಪೇಷಂಟ್ ಕಡೆ ತಿರುಗಿಯೂ ನೋಡಲ್ಲ” ಎಂದು ನಕ್ಕು, ಆಸ್ಪತ್ರೆಯ ಡ್ಯೂಟಿ ನೆನಪಾಗಿ ಗಡಿಬಿಡಿಯಲ್ಲಿ ಹೊರಟುಹೋದರು. ನನಗೆ ಉರಿದುಹೋಯಿತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ, ಈಯಮ್ಮ ನೋಡು ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಆದರೆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಮುಂದಿನ ವಾರವೇ ಫೋನು ಬಂತು. ಬಾಂಗ್ಲಾದೇಶದಲ್ಲಿ ನಮ್ಮ ಪರವಾಗಿ ಊರೂರು ತಿರುಗುವ ಸಂಯೋಜಕಿ ಒಬ್ಬರಿದ್ದರು. ಅಲ್ಲಿಯ ರೂಢಿಯಂತೆ ನಾನು ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆ. ನಮ್ಮ ಪಟ್ಟಿಯನ್ನು ಅವರು ತಾಲ್ಲೂಕಿನ ಕಚೇರಿಯ ಗೋಡೆಗೆ ಅಂಟಿಸಿದ್ದರು.

“ಇಲ್ಲೊಬ್ಬ ಹೆಡ್ ಮಾಸ್ತರು ಎರಡು ದೋಣಿ ಬದಲಿಸಿ ಬಂದಿದ್ದಾರೆ” ಎಂದರು ಆಪಾ. “ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರಂತೆ. ಮೇಲೆ ಬರದಿದ್ದರೆ ಹೋಗಲಿ, ಕೊನೆಯಲ್ಲಾದರೂ ನನ್ನ ಶಾಲೆಯ ಹೆಸರು ಇರಬೇಕಿತ್ತಲ್ಲ ಅಂತ ಕೇಳುತ್ತಿದ್ದಾರೆ. ನೀವೇ ಮಾತಾಡಿ.”

ಹೆಡ್ ಮಾಸ್ತರರ ಹಿಂದಿ ಟೀವಿಯದು, ನನ್ನ ಹಿಂದಿ ಹುಬ್ಬಳ್ಳಿಯ ಕಾಲೇಜಿನದು. ಹೇಗೋ ಹೊಂದಿಕೊಂಡಿತು. ಶಾಲೆಯ ಸಂಖ್ಯೆ ಕೇಳಿ ಕಡತದಲ್ಲಿ ಹುಡುಕಿದೆ. ಮೂವತ್ತೊಂದರಲ್ಲಿ ಒಂದು.

“ಸರ್, ನಿಮ್ಮ ಶಾಲೆ ನದಿಯೊಳಗೆ ಇದೆ ಅಂತ ತೋರಿಸ್ತಿದೆ. ಬರೆಯುವಾಗ ಏನೋ ತಪ್ಪಾಗಿದೆ.”

ಆ ಕಡೆ ಅವರು ಜೋರಾಗಿ ನಕ್ಕರು. “ತಪ್ಪಿಲ್ಲ ದಿದಿ, ಅಲ್ಲೇ ಇತ್ತು. ಆ ಜಾಗ ನದಿಗೆ ಹೋಯಿತು. ತಗಡು, ಬೆಂಚು, ಬೋರ್ಡು ಎಲ್ಲ ದೋಣಿಯಲ್ಲಿ ತಂದೆವು. ಅದಾದ ಮೇಲೆ ಇನ್ನೊಂದು ಜಾಗವೂ ಹೋಯಿತು. ಈಗಿರುವುದು ಮೂರನೆಯದು.”

“ಕಚೇರಿಯಲ್ಲಿ ತಿದ್ದಿಸಲಿಲ್ಲವೇ?”

“ತಿದ್ದಬೇಕಾದರೆ ಇನ್ಸ್‌ಪೆಕ್ಟರ್ ಬಂದು ಹೊಸ ಜಾಗ ನೋಡಬೇಕು. ಅವರಿಗೆ ದೋಣಿ ಅಂದರೆ ತಲೆ ಸುತ್ತು.” ಮತ್ತೆ ನಕ್ಕರು. ಆಮೇಲೆ ನಗಲಿಲ್ಲ. “ಹೋದ ಸಲ ತಗಡು ಕಿತ್ತು ಮತ್ತೆ ಕಟ್ಟುವಷ್ಟರಲ್ಲಿ ನಾಲ್ಕು ತಿಂಗಳು ಶಾಲೆ ಇರಲಿಲ್ಲ. ಐದನೇ ಕ್ಲಾಸಿನ ಆರು ಹುಡುಗಿಯರು ವಾಪಸ್ ಬರಲೇ ಇಲ್ಲ. ಮನೆಯಲ್ಲಿ ಸುಮ್ಮನೆ ಕೂತ ಹುಡುಗಿಗೆ ಮದುವೆ ಮಾಡಿಬಿಡುತ್ತಾರೆ ದಿದಿ. ಈಗಿನ ಐದನೇ ಕ್ಲಾಸಿನಲ್ಲಿ ಹನ್ನೊಂದು ಹುಡುಗಿಯರಿದ್ದಾರೆ. ದಂಡೆ ಈಗಾಗಲೇ ಬಿರುಕು ಬಿಟ್ಟಿದೆ.”

ಫೋನಿಟ್ಟ ಮೇಲೆ ಐದು ಕುರ್ಚಿಗಳ ನಡುವೆ ಕೂತೇ ಇದ್ದೆ. ಬಿಚ್ಚಿ ಒಯ್ಯುವ ಶಾಲೆ ಕೊಡಲು ಹೊರಟವರು ನಾವು. ಅಲ್ಲಿಯ ಶಾಲೆಗಳು ನಮಗಿಂತ ಮುಂಚೆಯೇ ಓಡಾಡುತ್ತಿರಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಬಡವರು, ಎಲ್ಲರಿಗಿಂತ ಹೆಚ್ಚು ಮುಳುಗಿದವರು, ಅವರನ್ನೇ ಆರಿಸಿ ಆರಿಸಿ ಹೊರಗೆ ಹಾಕಿದ್ದೆ. ಅವರ ಜಾಗದಲ್ಲಿ ಗಟ್ಟಿ ನೆಲದ ಶಾಲೆಗಳು ಪಟ್ಟಿಯ ತಲೆಗೆ ಹತ್ತಿ ಕೂತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಗೊತ್ತಾಗಲಿಲ್ಲ ಎನ್ನಬಹುದಿತ್ತು. ನಾನು ಯಾವ ಬಾಯಿಂದ ಹೇಳಲಿ? ನಾನು ಬಾಗಲಕೋಟೆ ಕಡೆಯ ಮುಳುಗಡೆ ಊರಿನವಳು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಕೃಷ್ಣೆಯ ಹಿನ್ನೀರು ನಮ್ಮ ಊರಿಗೆ ಬಂತು. ನಮ್ಮ ಅಕ್ಕೋರು, ಎಂದರೆ ನಮ್ಮ ಟೀಚರು, ಹಾಜರಿ ಪುಸ್ತಕವನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಟ್ರ್ಯಾಕ್ಟರಿನಲ್ಲಿ ನಮ್ಮ ಜೊತೆ ಕೂತು ಪುನರ್ವಸತಿ ಕೇಂದ್ರಕ್ಕೆ ಬಂದರು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಮೊದಲ ದಿನ ಹಾಜರಿ ಕರೆದರು. ಅರ್ಧ ಮಕ್ಕಳು ಬೇರೆ ಬೇರೆ ಊರಿಗೆ ಹೋಗಿದ್ದರು. ಆದರೂ ಅವರು ಒಂದು ಹೆಸರನ್ನೂ ಬಿಡಲಿಲ್ಲ. ಒಂದೊಂದನ್ನೂ ಕರೆದು, ತಲೆ ಎತ್ತಿ ನೋಡಿ, ಸ್ವಲ್ಪ ಹೊತ್ತು ಕಾದು, ಮುಂದಿನದಕ್ಕೆ ಹೋಗುತ್ತಿದ್ದರು. ನಮಗೆ ಆಗ ನಗು ಬರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನದಿಯೊಳಗೆ ಶಾಲೆ ಇರುವುದಿಲ್ಲ ಎಂದು ಬರೆದವಳು ನಾನು. ಅವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲವಲ್ಲ, ಜೋರಾಗಿಯೇ ಬೈದುಕೊಂಡೆ.

ಮರುದಿನದಿಂದ ಕೆಲಸದ ಕ್ರಮ ಬದಲಿಸಿದೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಆರು ಗಂಟೆ ವ್ಯತ್ಯಾಸ. ಬೆಳಿಗ್ಗೆ ಆರಕ್ಕೆ ಎದ್ದು ಹೊದಿಕೆ ಹೊದ್ದುಕೊಂಡೇ ಫೋನು ಹಚ್ಚಿದರೆ ಅಲ್ಲಿ ನಡುಹಗಲು, ಮಾಸ್ತರರು ಸಿಗುತ್ತಿದ್ದರು. ಆಪಾ ನಂಬರು ಹುಡುಕಿಕೊಡುವುದು, ನಾನು ಮಾತಾಡುವುದು. ಹೊರಗೆ ನಿಂತು ಫೋನಿನಿಂದ ತಮ್ಮ ಜಾಗ ಕಳಿಸಿ ಎಂದು ಹೇಳುವುದು. ಬಂದ ಜಾಗವನ್ನು ಹಳೆಯ ಜಾಗದ ಜೊತೆ ಹೋಲಿಸುವುದು. ಶಾಲೆಯ ಬೋರ್ಡಿನ ಚಿತ್ರ ತರಿಸಿಕೊಂಡು ಹೆಸರು ತಾಳೆ ನೋಡುವುದು. ದಿನಕ್ಕೆ ಎರಡು ಶಾಲೆ ಆದರೆ ಅದೇ ಹೆಚ್ಚು. ನೆಟ್‌ವರ್ಕ್ ಹೋಗುತ್ತಿತ್ತು, ಗಾಳಿಯಲ್ಲಿ ಮಾತು ಹಾರಿಹೋಗುತ್ತಿತ್ತು. ಒಬ್ಬ ಮಾಸ್ತರು ಫೋನನ್ನು ಮಕ್ಕಳ ಕೈಗೆ ಕೊಟ್ಟುಬಿಟ್ಟಿದ್ದರು, ಅವು ನನಗೆ ಒಂದರಿಂದ ಇಪ್ಪತ್ತರವರೆಗೆ ಬಂಗಾಳಿಯಲ್ಲಿ ಎಣಿಸಲು ಕಲಿಸಿಯೇ ಬಿಟ್ಟವು. ಆ ವಾರಗಳಲ್ಲಿ ನಾನು ಮನುಷ್ಯರ ಜೊತೆ ಮಾತಾಡಿದ್ದೆಂದರೆ ಅಷ್ಟೇ. ಫೋನಿಟ್ಟ ಮೇಲೆ ರೂಮು ಮೊದಲಿಗಿಂತ ಖಾಲಿ ಅನಿಸುತ್ತಿತ್ತು, ಅದು ಬೇರೆ ಮಾತು.

ಮೂವತ್ತೊಂದರಲ್ಲಿ ನಾಲ್ಕು ನಿಜವಾಗಿಯೂ ಟೈಪಿಂಗ್ ತಪ್ಪು. ಮೂರು ಶಾಲೆ ಮುಚ್ಚಿಯೇ ಹೋಗಿದ್ದವು. ಉಳಿದ ಇಪ್ಪತ್ತನಾಲ್ಕು ಬದುಕಿದ್ದವು, ಒಂದಲ್ಲ ಒಂದು ನಡುಗಡ್ಡೆಯ ಮೇಲೆ. ಹೊಸ ಜಾಗ ಹಾಕಿ ಲೆಕ್ಕ ಮಾಡಿದರೆ ಅವುಗಳಲ್ಲಿ ಹೆಚ್ಚಿನವು ಪಟ್ಟಿಯ ತಲೆಗೆ ಬಂದವು.

ಇದನ್ನು ತೆಗೆದುಕೊಂಡು ತಂಡದ ಮುಖ್ಯಸ್ಥೆಯ ಹತ್ತಿರ ಹೋದೆ. ಪ್ರೊಫೆಸರು, ಒಳ್ಳೆಯ ಹೆಂಗಸು, ಯಾವಾಗಲೂ ನಿದ್ದೆಗೆಟ್ಟ ಮುಖ. ಎಲ್ಲ ಕೇಳಿದರು.

“ಕೆಲಸ ಚೆನ್ನಾಗಿ ಮಾಡಿದ್ದೀಯ. ಆದರೆ ಪಟ್ಟಿಗೆ ಎಲ್ಲರ ಒಪ್ಪಿಗೆ ಆಗಿದೆ. ಗುರುವಾರ ಲೀಡ್ಸ್‌ನಲ್ಲಿ ಸೇವಾಸಂಸ್ಥೆಯವರ ಸಭೆ, ಅಲ್ಲಿ ಬರೀ ಸಹಿ. ಈಗ ಕೆದಕಿದರೆ ಮುಂದಿನ ಹಂತ ನಿಂತುಹೋಗುತ್ತದೆ. ಅಡಿಟಿಪ್ಪಣಿಯನ್ನು ಇನ್ನಷ್ಟು ಸ್ಪಷ್ಟವಾಗಿ ಬರೆ, ಮುಂದಿನ ಹಂತದಲ್ಲಿ ಈ ಶಾಲೆಗಳನ್ನು ಸೇರಿಸೋಣ.”

“ಮುಂದಿನ ಹಂತ ಯಾವಾಗ?”

“ಎರಡು ವರ್ಷ ಆಗಬಹುದು.” ಕಡತ ಮುಚ್ಚಿಟ್ಟು, “ನಿನ್ನ ಕೆಲಸ ಮುಂದುವರಿಯುವುದೂ ಆ ಹಂತದ ಮೇಲೆಯೇ ನಿಂತಿದೆ. ನಿನಗೆ ಗೊತ್ತಿರಲಿ ಅಂತ ಹೇಳಿದೆ” ಎಂದರು. ಹೆದರಿಸಲು ಹೇಳಿದ್ದಲ್ಲ, ನನಗಾಗಿಯೇ ಹೇಳಿದ್ದು. ಕೆಲಸ ಹೋದರೆ ವೀಸಾ ಹೋಗುತ್ತಿತ್ತು.

ಎರಡು ವರ್ಷದಲ್ಲಿ ಹನ್ನೊಂದು ಹುಡುಗಿಯರು ಏನಾಗಿರುತ್ತಾರೆ ಎಂದು ಲೆಕ್ಕ ಹಾಕಲು ಉಪಗ್ರಹ ಬೇಕಿರಲಿಲ್ಲ. ಆದರೂ ನಾನು ಎದ್ದು ನಿಂತು ಹೂಂ ಎಂದೆ. ಅಡಿಟಿಪ್ಪಣಿ ಬರೆಯಲು ಕೂತೆ. ಬರೆದೆ ಕೂಡ. ಧೈರ್ಯ ಅನ್ನುವುದು ಎಲ್ಲರಿಗೂ ಕರೆದ ತಕ್ಷಣ ಓಡಿ ಬರುವುದಿಲ್ಲ.

ಬುಧವಾರ ಮಧ್ಯಾಹ್ನ ಊರಿನಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಅವಳು ಈಗ ಅದೇ ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಟೀಚರು.

“ಏನವಾ, ಕೆಲಸ ಬಿಟ್ಟು ಫೋನ್ ಹಚ್ಚೀದಿ? ಅರಾಮ ಅದೀಯಿಲ್ಲೋ?”

“ಅರಾಮ ಅದೀನಿ. ಅಕ್ಕಾ, ನಮ್ಮ ಸಾಲಿ ಹೆಸರು ಪುನರ್ವಸತಿ ಮೊದಲ ಪಟ್ಟ್ಯಾಗ ಬಂದಿದ್ದಿಲ್ಲ ಅಂತಿದ್ಯಲ್ಲ, ಆಮ್ಯಾಲೆ ಹ್ಯಾಂಗ ಬಂತದು?”

“ಅಯ್ಯ, ಅದನ್ಯಾಕ ಕೇಳ್ತಿ ಈಗ? ಮುಳುಗೇತಿ ಅಂತ ಹೆಸರು ಹೊಡದು ಒಗದಿದ್ರು. ಅಕ್ಕೋರು ಅಡ್ಡಾಡಿ ಅಡ್ಡಾಡಿ ಚಪ್ಪಲಿ ಹರಕೊಂಡ್ರು, ಯಾರೂ ಕೇಳಲಿಲ್ಲ. ಕಡೀಕ ಆಫೀಸಿನ್ಯಾಗ ಒಬ್ಬ ಗುಮಾಸ್ತ, ಸಾಹೇಬ್ರ, ಆ ಹೆಸರು ನಾನ ಹೊಡದೇನ್ರಿ, ತಪ್ಪು ನಂದೈತಿ ಅಂತ ಎಲ್ಲಾರ ಮುಂದ ಒಪ್ಕೊಂಡ. ಅವಾಗ ಬಂತು ನೋಡು. ಇಲ್ಲಂದ್ರ ನೀ ಎಲ್ಲಿ ಲಂಡನ್ ನೋಡ್ತಿದ್ದಿ, ಇಬ್ರೂ ಮೆಣಸಿನಕಾಯಿ ಬಿಡಿಸ್ಕೋತ ಕುಂದರತಿದ್ವಿ.”

“ಇದು ಲಂಡನ್ ಅಲ್ಲಕ್ಕಾ, ಬರ್ಮಿಂಗ್‌ಹ್ಯಾಮ್.”

“ಎಲ್ಲಾ ಒಂದ. ಯಾಕ, ಅಳಾಕ್ಹತ್ತೀಯೇನ?”

“ಇಲ್ಲ, ನೆಗಡಿ” ಎಂದೆ. ಅವಳು ನಂಬಲಿಲ್ಲ.

ಗುರುವಾರ ಲೀಡ್ಸ್‌ನ ಸಭೆಯಲ್ಲಿ ಹನ್ನೆರಡು ಜನ. ನನಗೆ ಕೊಟ್ಟದ್ದು ಹತ್ತು ನಿಮಿಷ, ನಕ್ಷೆ ತೋರಿಸಿ ಕೂರಬೇಕು. ರೈಲಿನಲ್ಲಿ ಬರುತ್ತ ಪ್ರೊಫೆಸರಿಗೆ ಹೇಳಿಬಿಟ್ಟಿದ್ದೆ, ನಾನು ಅಡಿಟಿಪ್ಪಣಿ ಹಾಕುವುದಿಲ್ಲ, ತಪ್ಪನ್ನು ತಪ್ಪು ಎಂದೇ ಹೇಳುತ್ತೇನೆ ಎಂದು. ಅವರು, “ತಡೆಯುವುದಿಲ್ಲ. ಆದರೆ ನನ್ನಿಂದ ಸಹಾಯವೂ ಆಗುವುದಿಲ್ಲ” ಎಂದಿದ್ದರು.

ಎದ್ದು ನಿಂತೆ. ಹಳೆಯ ನಕ್ಷೆ ಹಾಕಿದೆ, ಪಕ್ಕದಲ್ಲಿ ಹೊಸದು. “ಈ ಪಟ್ಟಿಗೆ ದಯವಿಟ್ಟು ಸಹಿ ಹಾಕಬೇಡಿ. ಇದನ್ನು ಮಾಡಿದವಳು ನಾನು. ಯಾವ ಶಾಲೆಗಳಿಗಾಗಿ ಈ ಯೋಜನೆ ಇದೆಯೋ ಅವನ್ನೇ ನಾನು ಕಸ ಎಂದು ಗುಡಿಸಿ ಹಾಕಿದ್ದೇನೆ” ಎಂದೆ. ಆ ಒಂದು ಸಾಲನ್ನು ಪರದೆಯ ಮೇಲೆ ತೋರಿಸಿದೆ. ಇಪ್ಪತ್ತನಾಲ್ಕು ಬೋರ್ಡುಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಹತ್ತು ನಿಮಿಷ ಮೀರಿತು, ಯಾರೂ ತಡೆಯಲಿಲ್ಲ.

ಸಂಸ್ಥೆಯ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ. “ಇದನ್ನು ಮೊದಲೇ ಯಾಕೆ ಕಂಡುಹಿಡಿಯಲಿಲ್ಲ?”

“ನಾನು ಯಾರನ್ನೂ ಕೇಳಿರಲಿಲ್ಲ” ಎಂದೆ.

ಪಟ್ಟಿಯನ್ನು ಮತ್ತೆ ತೆರೆದರು. ಮೂರು ವಾರದಲ್ಲಿ ಹೊಸದು ಮಾಡಿಕೊಟ್ಟೆ. ಹೆಡ್ ಮಾಸ್ತರರ ಶಾಲೆ ಅದರಲ್ಲಿತ್ತು, ಮೇ ತಿಂಗಳಲ್ಲಿ ಅವರಿಗೆ ಉಕ್ಕಿನ ಕಂಬಗಳು ತಲುಪಿದವು. ಮುಂದಿನ ಹಂತವನ್ನು ಸಂಸ್ಥೆಯವರು ಸದ್ಯಕ್ಕೆ ಬೇಡ ಎಂದರು. ಹಾಗಾಗಿ ಮೇ ಕೊನೆಗೆ ನನ್ನ ಕರಾರು ಮುಗಿಯಿತು. ಪ್ರೊಫೆಸರು ಬೀಳ್ಕೊಡಲು ಕೇಕು ತಂದಿದ್ದರು. ಆ ಐದು ಕುರ್ಚಿಗಳ ನಡುವೆ ನಾವಿಬ್ಬರೇ ನಿಂತು ತಿಂದೆವು. ಕಡತಗಳಿಗೆ ನನ್ನ ಪ್ರವೇಶ ಅವತ್ತೇ ಮುಚ್ಚಿತು.

ಅದೃಷ್ಟಕ್ಕೆ ವೀಸಾ ಮುಗಿಯುವ ಮೊದಲೇ ಡರ್ಬಿಯಲ್ಲಿ ಕೆಲಸ ಸಿಕ್ಕಿತು, ವಿಮಾನದ ಇಂಜಿನ್ನಿನ ಬಿಡಿಭಾಗಗಳ ದಾಖಲೆ ನೋಡುವುದು. ಅವು ಇಟ್ಟಲ್ಲಿ ಇರುತ್ತವೆ, ಕಷ್ಟವಿಲ್ಲ. ದಿನವೂ ಬೆಳಿಗ್ಗೆ ಬರ್ಮಿಂಗ್‌ಹ್ಯಾಮಿನಿಂದ ರೈಲು. ಪ್ಲಾಟ್‌ಫಾರಮ್ಮಿನ ತುಂಬ ಜನ, ಯಾರ ಮುಖವೂ ಯಾರ ಕಡೆಗೂ ಇರುವುದಿಲ್ಲ.

ಜುಲೈ ತಿಂಗಳಲ್ಲಿ ಒಂದು ದಿನ ಅಲ್ಲೇ ನಿಂತಿದ್ದಾಗ, ಬೆಳಿಗ್ಗೆ ಏಳು ಗಂಟೆಗೆ, ಹೆಡ್ ಮಾಸ್ತರರ ಫೋನು.

“ದಿದಿ, ದಂಡೆ ಹೋಯಿತು. ನಾಲ್ಕನೇ ಜಾಗಕ್ಕೆ ಬಂದೆವು. ಮಂಗಳವಾರ ಬಿಚ್ಚಿದೆವು, ಶನಿವಾರ ಜೋಡಿಸಿದೆವು. ಇವತ್ತು ಪಾಠ. ಜಾಗ ಕಳಿಸಿದ್ದೇನೆ, ಬರೆದುಕೊಳ್ಳಿ.”

ಬರೆದುಕೊಳ್ಳಲು ನನ್ನ ಹತ್ತಿರ ಪಟ್ಟಿ ಇಲ್ಲ, ನಾನು ಆ ಕೆಲಸದಲ್ಲೇ ಇಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರು ಕಳಿಸಿದ ಜಾಗವನ್ನು ಫೋನಿನ ನಕ್ಷೆಯಲ್ಲಿ ತೆರೆದೆ. ನಕ್ಷೆ ಹಳೆಯದು, ನಡುಗಡ್ಡೆ ಹೊಸದು. ಚುಕ್ಕೆ ಸೀದಾ ಹೋಗಿ ನೀಲಿಯ ಮಧ್ಯದಲ್ಲಿ ಕೂತಿತು. ಅದರ ಪಕ್ಕ ಶಾಲೆಯ ಹೆಸರು ಬರೆದು ಉಳಿಸಿಕೊಂಡೆ. ಆಪಾಗೂ ಕಳಿಸಿದೆ.

“ಹುಡುಗಿಯರು?” ಎಂದು ಕೇಳಿದೆ.

“ಐದನೇ ಕ್ಲಾಸಿನ ಮಧ್ಯಾಹ್ನದ ಹಾಜರಿಗೇ ಹೊರಟಿದ್ದೆ. ನೀವೇ ಕೇಳಿ” ಎಂದು ಫೋನನ್ನು ಮೇಜಿನ ಮೇಲಿಟ್ಟರು. ಅಲ್ಲಿ ಮಕ್ಕಳನ್ನು ಹೆಸರಿನ ಬದಲು ಸಂಖ್ಯೆ ಹಿಡಿದು ಕರೆಯುತ್ತಾರೆ, ಹುಡುಗಿಯರದು ಮೊದಲು. ಗಾಳಿ, ತಗಡಿನ ಸದ್ದು, ಅದರ ನಡುವೆ ಅವರ ದನಿ. ಏಕ್. ಒಂದು ಸಣ್ಣ ದನಿ ಹಾಜರಿ ಹೇಳಿತು. ದುಯಿ. ತೀನ್. ಚಾರ್. ನಾನು ಬೆರಳು ಮಡಿಸುತ್ತ ಹೋದೆ. ಪಾಂಚ್, ಛಯ್. ಸಾತ್.

ಉತ್ತರ ಬರಲಿಲ್ಲ. ಡರ್ಬಿಯ ರೈಲು ಬಂದು ನಿಂತಿತು, ಜನ ನನ್ನನ್ನು ಸುತ್ತಿಕೊಂಡು ಹತ್ತತೊಡಗಿದರು. ಮಾಸ್ತರರು ಮತ್ತೊಮ್ಮೆ ಕರೆದರು. ಸಾತ್. ಕಾದರು. ನಾನೂ ಕಾದೆ. ಬಾಗಿಲು ಮುಚ್ಚಿತು, ರೈಲು ಹೋಯಿತು. ಆಮೇಲೆ ಅವರು ಎಂಟಕ್ಕೆ ಹೋದರು. ಹನ್ನೊಂದರ ತನಕ ಎಲ್ಲರೂ ಇದ್ದರು.

“ಏಳನೆಯವಳು?” ಎಂದೆ, ಅವರು ಫೋನು ಎತ್ತಿಕೊಂಡ ಮೇಲೆ.

“ಅವರ ಮನೆಯವರು ಬೇರೆ ನಡುಗಡ್ಡೆಗೆ ಹೋಗಿದ್ದಾರೆ. ಇವತ್ತು ಶಾಲೆ ಬಿಟ್ಟ ಮೇಲೆ ದೋಣಿ ಮಾಡಿಕೊಂಡು ಹೋಗುತ್ತೇನೆ” ಎಂದರು. “ಹೆಸರು ಹೊಡೆದುಹಾಕಿಲ್ಲ ದಿದಿ.”